ಹೊಸ್ತಿನ ಊಟಕ್ಕೆ ಹೋಗದವರು

ಮೊನ್ನೆ ಸಾರಕ್ಕಿ ಮಾರುಕಟ್ಟೆಯಲ್ಲಿ ಕೊತ್ತಂಬರಿ ಸೊಪ್ಪು ಆರಿಸಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟೆ. ಸೊಪ್ಪಿನ ರಾಶಿಯ ಪಕ್ಕ, ಗೋಣಿಚೀಲದ ಮೇಲೆ, ಒಂದು ಕಟ್ಟು ಅರಿಶಿನದ ಎಲೆ ಇತ್ತು. ಸೊಪ್ಪಿನಾಕೆ ನೀರು ಚಿಮುಕಿಸುವಾಗ ಅವಳ ಕೈ ತಗುಲಿ ಒಂದು ಎಲೆ ಮುರಿಯಿತು. ಆ ವಾಸನೆ ನೇರವಾಗಿ ಮೂಗಿಗೆ ಬಂತು.

"ಕಡುಬಿಗಾ ಸಾರ್? ತಗೊಳ್ಳಿ, ಬೆಳಿಗ್ಗೆ ತಾನೆ ಬಂದಿದ್ದು."

"ಇಲ್ಲಮ್ಮ, ಸುಮ್ನೆ ನೋಡ್ತಿದ್ದೆ."

"ಎಲೇಲಿ ನೋಡೋಕೆ ಏನಿದೆ ಸಾರ್?" ಎಂದು ಅವಳು ನಕ್ಕಳು. ನನ್ನ ಹಿಂದೆ ನಿಂತಿದ್ದವರು ಗೊಣಗಿದರು. ಕೊತ್ತಂಬರಿ ಸೊಪ್ಪನ್ನೂ ಕೊಳ್ಳದೆ ಮನೆಗೆ ಬಂದೆ. ನಿಮಗೂ ಹೀಗೆ ಆಗಿರಬಹುದು. ಮರೆತೆ ಅಂದುಕೊಂಡ ವಿಷಯ ಬಾಗಿಲು ತಟ್ಟಿಕೊಂಡು ಬರುವುದಿಲ್ಲ. ಮೂಗಿನಿಂದ ಒಳಗೆ ಬಂದು ನಡುಮನೆಯಲ್ಲಿ ಕೂತುಬಿಡುತ್ತದೆ.

ನಾನು ಗದಗದ ಕಡೆಯವನು. ಇಪ್ಪತ್ತನಾಲ್ಕು ವರ್ಷ ಆಗುವ ತನಕ ನನಗೆ ನೀರೆಂದರೆ ಕೊಡದಲ್ಲಿ ಇರುವಂಥದ್ದು. ತೊಂಬತ್ತರ ದಶಕದ ಮೊದಲಲ್ಲಿ ಬೆಂಗಳೂರಿಗೆ ಬಂದು ಜಯನಗರದ ಒಬ್ಬ ಆರ್ಕಿಟೆಕ್ಟ್ ಬಳಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದೆ. ಬನಶಂಕರಿ ಎರಡನೇ ಹಂತದ ಒಂದು ಮಹಡಿಯ ರೂಮಿನಲ್ಲಿ ಸುಧಾಕರನ ಜೊತೆ ವಾಸ. ಸುಧಾಕರ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು. ನನ್ನ ‘ರೀ’ಗಳನ್ನು ಎಣಿಸಿ ಸಂಜೆ ಒಟ್ಟು ಹೇಳುತ್ತಿದ್ದ. ಒಂದು ದಸರಾ ರಜೆಯಲ್ಲಿ ಅವನೇ ನನ್ನನ್ನು ಕುಂದಾಪುರದ ಕಡೆಗೆ ಕರೆದುಕೊಂಡು ಹೋಗಿ ಸಮುದ್ರದ ಮುಂದೆ ನಿಲ್ಲಿಸಿದ. ನಾನು ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದೆನಂತೆ. ಆಮೇಲೆ, "ಇದರ ಆಚೀ ದಂಡಿ ಎಲ್ಲೈತಿ?" ಎಂದು ಕೇಳಿದೆನಂತೆ. ಈ ಮಾತನ್ನು ಅವನು ನನ್ನ ಮದುವೆಯಲ್ಲಿಯೂ ಹೇಳಿ ನಗಿಸಿದ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಪ್ರತಿ ವರ್ಷ ಮಳೆ ನಿಂತು ದಸರಾ ರಜೆ ಬಂದೊಡನೆ ಆರೇಳು ಜನ ಗೆಳೆಯರು ಬೆನ್ನಿಗೆ ಚೀಲ ಹಾಕಿಕೊಂಡು ಕರಾವಳಿಗೆ ಹೋಗಿ ನಡೆಯುವುದು. ನಾಲ್ಕು ದಿನ, ಒಂದು ಹೊಳೆಯಿಂದ ಇನ್ನೊಂದು ಹೊಳೆಯ ತನಕ. ಕೊಯ್ಲಿಗೆ ಬಂದ ಗದ್ದೆಗಳ ಬದುವಿನ ಮೇಲೆ, ಗಾಳಿಮರಗಳ ಕೆಳಗೆ, ಮರಳಿನ ಮೇಲೆ. ನವರಾತ್ರಿಯಾದ್ದರಿಂದ ದಾರಿಯಲ್ಲಿ ಎಲ್ಲಿ ಹೋದರೂ ಒಂದು ಹಬ್ಬ, ಒಂದು ಹುಲಿವೇಷದ ತಂಡ, ಒಂದು ಎಲೆ ಊಟ. ನಕ್ಷೆ ಬಿಡಿಸುವವನಾದ ನಾನು ತಾನಾಗಿಯೇ ಮುಂದಾಳು ಆದೆ. ಟ್ರೇಸಿಂಗ್ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ದಾರಿ ಬಿಡಿಸಿ, ಯಾವ ಊರಿಗೆ ಎಷ್ಟು ಗಂಟೆಗೆ, ಯಾವ ಬಂಡೆಯ ಮೇಲೆ ಎಷ್ಟು ನಿಮಿಷ ಎಂದೆಲ್ಲ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೆ. ಅಲೆ ನೋಡುವುದಕ್ಕೆ ಹದಿನೈದು ನಿಮಿಷ. ನಗಬೇಡಿ, ಆಗ ಅದು ನನಗೆ ಬಹಳ ಗಂಭೀರ ಕೆಲಸವಾಗಿತ್ತು.

ಗಿರಿಜಾ ಆಂಟಿ ನಮ್ಮ ರೂಮಿನ ಒಡತಿ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ನಮ್ಮ ಮುಖ ನೋಡುವ ಮೊದಲು ಕಣ್ಣಿನ ಕೆಳರೆಪ್ಪೆ ನೋಡುತ್ತಿದ್ದರು. "ಸೊಪ್ಪು ತಿನ್ನು, ರಕ್ತ ಇಲ್ಲ ನಿಂಗೆ" ಎಂದು ತೀರ್ಪು.

ಒಂದು ಸಂಜೆ ಕಾಂಪೌಂಡಿನ ಕಟ್ಟೆಯ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೆ. ಆಂಟಿ ಬಂದು ಕನ್ನಡಕ ಏರಿಸಿ ನೋಡಿದರು.

"ಇದು ಕುಂದಾಪುರದ ಕಡೆ ಅಲ್ವೇನಪ್ಪ?"

"ಹೌದ್ರೀ ಆಂಟಿ."

"ನಾನು ಹುಟ್ಟಿದ್ದು ಅಲ್ಲೇ ಎಲ್ಲೋ. ಅಮ್ಮ ಹೋದಾಗ ನಂಗೆ ಒಂಬತ್ತು ವರ್ಷ. ಚಿಕ್ಕಪ್ಪ ಇಲ್ಲಿಗೆ ಕರ್ಕೊಂಡು ಬಂದ್ಬಿಟ್ರು. ಆಮೇಲೆ ಹೋಗೇ ಇಲ್ಲ." ಬೆರಳು ನಕ್ಷೆಯ ಮೇಲೆ ಸುಮ್ಮನೆ ಓಡಾಡಿತು. "ಊರ ಹೆಸರೂ ಸರಿಯಾಗಿ ಗೊತ್ತಿಲ್ಲ. ಹೊಳೆ ಮಧ್ಯೆ ಮನೆ. ದೋಣೀಲಿ ಹೋಗ್ಬೇಕಿತ್ತು."

ಬೆರಳನ್ನು ನಕ್ಷೆಯಿಂದ ತೆಗೆದು ಕೇಳಿದರು: "ನಾನೂ ಬರ್ಲಾ ನಿಮ್ಜೊತೆ? ನಡೀತೀನಿ ಕಣಪ್ಪ. ಮೂವತ್ತು ವರ್ಷ ವಾರ್ಡಲ್ಲಿ ನಿಂತಿರೋ ಕಾಲು ಇದು."

ಸುಧಾಕರ ಮಹಡಿಯಿಂದಲೇ ಕೂಗಿದ: "ಬನ್ನಿ ಆಂಟಿ! ಸಖತ್ತಾಗಿರುತ್ತೆ!"

ಹೀಗೆ ಆ ವರ್ಷ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ ಒಬ್ಬ ಅರವತ್ತರ ಹೆಂಗಸು ನಮ್ಮ ತಂಡಕ್ಕೆ ಸೇರಿದರು. ಅವರು ಹೇಳಿದ್ದು ನಿಜ. ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ತೊಂದರೆ ಇದ್ದದ್ದು ನಿಲ್ಲುವುದರಲ್ಲಿ. ಪ್ರತಿ ಮನೆಯ ದಣಪೆಯ, ಅಂದರೆ ಬೇಲಿಬಾಗಿಲಿನ, ಬಳಿ ನಿಲ್ಲುತ್ತಿದ್ದರು. ಜಗಲಿಯ ಮೇಲೆ ಕೂತ ಅಜ್ಜಿಯನ್ನು ನೋಡಿ, "ಕಾಲು ಊತ ಎಷ್ಟು ದಿನದಿಂದ ಇದೆ?" ಎಂದು ಶುರು. ಕಾಲು ಒತ್ತಿ ನೋಡುವುದು, ಉಪ್ಪು ಕಡಿಮೆ ಮಾಡಿ ಅನ್ನುವುದು, ಅವರು ಕೊಟ್ಟ ಬೆಲ್ಲ ನೀರು ಕುಡಿಯುವುದು. ಕೊನೆಗೆ ತಮ್ಮ ಅಮ್ಮನ ಹೆಸರು ಹೇಳಿ, "ಸಂಕಮ್ಮ ಅಂತ, ಹೊಳೆ ಮಧ್ಯದ ಮನೆ, ಕೇಳಿದ್ದೀರಾ?" ಎನ್ನುವುದು. ನಾನು ದೂರದಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಹದಿನೆಂಟು ಕಿಲೋಮೀಟರ್ ಎಂದು ಬರೆದ ದಿನ ಏಳು ಮುಗಿದಿತ್ತು. ಗುಡ್ಡದ ಮೇಲಿನಿಂದ ಸೂರ್ಯಾಸ್ತ ನೋಡುವ ನನ್ನ ಇಪ್ಪತ್ತು ನಿಮಿಷ ಯಾವುದೋ ಅಜ್ಜಿಯ ಮಂಡಿನೋವಿಗೆ ಹೋಯಿತು.

ಮೂರನೆಯ ದಿನ ಒಂದು ಜಗಲಿಯ ಮೇಲಿನ ಮುದುಕಿ ಆಂಟಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. "ಸಂಕಮ್ಮನ್ ಹಣಿಯೇ ಇದ್" ಎಂದಳು. ಆಕೆಯ ಮೊಮ್ಮಗ ನಮ್ಮನ್ನೆಲ್ಲ ಕಡವಿಗೆ, ಅಂದರೆ ದೋಣಿ ಬಂದು ನಿಲ್ಲುವ ದಡಕ್ಕೆ, ಕರೆದುಕೊಂಡು ಹೋದ. ಅಲ್ಲಿಂದ ಒಂದು ಕುದ್ರುವಿಗೆ. ಹೊಳೆಯ ನಡುವಿನ ನಡುಗಡ್ಡೆಗೆ ಅಲ್ಲಿ ಹಾಗೆನ್ನುತ್ತಾರೆ. ತೆಂಗಿನ ಮರಗಳು, ನಾಲ್ಕು ಗದ್ದೆ, ಒಂದು ಹೆಂಚಿನ ಮನೆ. ಮನೆಯೊಡತಿ ನಾಗವೇಣಿ, ಆಂಟಿಯ ಚಿಕ್ಕಮ್ಮನ ಮಗಳು, ಅವರಿಗಿಂತ ಹದಿನೈದು ವರ್ಷ ಚಿಕ್ಕವಳು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ.

ಮರುದಿನ ಆ ಮನೆಯಲ್ಲಿ ಹೊಸ್ತು. ಹೊಸ ಭತ್ತದ ಹಬ್ಬ. ಬೆಳಿಗ್ಗೆ ಗದ್ದೆಯಿಂದ ಕದಿರು ಕೊಯ್ದು, ಜಾಗಟೆ ಬಾರಿಸುತ್ತಾ ತಲೆಯ ಮೇಲೆ ಹೊತ್ತು ತಂದರು. ಮಾವಿನ ಎಲೆ, ಹಲಸಿನ ಎಲೆ ಸೇರಿಸಿ ಕಂಬಕ್ಕೆ, ಬಾವಿಗೆ, ದೋಣಿಗೆ ಕೂಡ ಕಟ್ಟಿದರು. ಒಳಗೆ ಅರಿಶಿನದ ಎಲೆಯಲ್ಲಿ ಕಡುಬು ಬೇಯುತ್ತಿತ್ತು. ಆ ಹಬೆ ಮನೆಯ ಹೆಂಚಿನ ಸಂದಿಯಿಂದೆಲ್ಲ ಹೊರಗೆ ಬರುತ್ತಿತ್ತು. ಊಟಕ್ಕೆ ಕೂತಾಗ ಹೊಸ ಅಕ್ಕಿಯ ಪಾಯಸ ಬಾಯಿಗಿಡುವ ಮೊದಲು ಕಿರಿಯರೆಲ್ಲ ಹಿರಿಯರಿಗೆ, "ಹೊಸ್ತ್ ಉಣ್ತೆ" ಎಂದು ಹೇಳಬೇಕು. ಅವರು, "ಉಣ್ಣು" ಎನ್ನಬೇಕು. ಆ ಮನೆಯಲ್ಲಿ ಅಂದು ಎಲ್ಲರಿಗಿಂತ ಹಿರಿಯರು ಆಂಟಿ. ನಾಗವೇಣಿ, ಅವರ ಗಂಡ, ಮಕ್ಕಳು, ಕೊನೆಗೆ ನಾವು ಹುಡುಗರು, ಒಬ್ಬೊಬ್ಬರಾಗಿ ಹೇಳಿದೆವು. ಮೊದಮೊದಲು ನಗುತ್ತಾ "ಉಣ್ಣು, ಉಣ್ಣು" ಎನ್ನುತ್ತಿದ್ದ ಆಂಟಿ ನಾಲ್ಕನೆಯವರ ಹೊತ್ತಿಗೆ ಕೈ ಮಾತ್ರ ಎತ್ತಿದರು.

ಅದು ನಮ್ಮ ಎಲ್ಲ ತಿರುಗಾಟಗಳಲ್ಲಿ ಅತ್ಯುತ್ತಮವಾದದ್ದು ಎಂದು ಈಗ ಗೊತ್ತು. ಆಗ ನಾನು ಅಲ್ಲಿ ಕೂತು ನಾಲ್ಕನೆಯ ದಿನದ ನಕ್ಷೆ ಪೂರ್ತಿ ಹಾಳಾಯಿತಲ್ಲ ಎಂದು ಮುಖ ಊದಿಸಿಕೊಂಡಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಆಂಟಿ ಕೇಳಿದರು: "ಮುಂದಿನ ವರ್ಷಾನೂ ಕರ್ಕೊಂಡು ಹೋಗ್ತೀಯಾ ತಾನೆ?"

"ಖಂಡಿತ ರೀ ಆಂಟಿ" ಎಂದೆ.

ಮುಂದಿನ ವರ್ಷ ತಂಡಕ್ಕೆ ಹೊಸಬರು ಬಂದರು. ಅವರಲ್ಲಿ ಪ್ರಕಾಶ ಎಂಬುವನು ಹಿಮಾಲಯ ಹತ್ತಿ ಬಂದವನು, ಬೂಟು ಕೂಡ ಅಲ್ಲಿಯದೇ. "ಏನ್ ಗುರು, ಹೋದ ವರ್ಷ ಹದಿನೆಂಟು ಕಿಲೋಮೀಟರ್ ಪ್ಲಾನ್ ಹಾಕಿ ಏಳು ನಡೆದ್ರಂತೆ? ಯಾರೋ ಆಂಟೀನ ಬೇರೆ ಕರ್ಕೊಂಡು ಹೋಗಿದ್ರಂತೆ?" ಎಂದು ನಕ್ಕ. ಆ ನಗು ನನಗೆ ತಾಗಿತು. ಈ ಸಲ ಆಂಟಿ ಬೇಡ ಎಂದು ನಿರ್ಧರಿಸಿದೆ.

"ಮಗಾ, ನೇರವಾಗಿ ಹೇಳ್ಬಿಡು. ‘ಈ ಸಲ ಕಷ್ಟದ ದಾರಿ ಆಂಟಿ, ಬೇಡ’ ಅನ್ನು. ಅವ್ರು ಏನೂ ಅನ್ಕೊಳಲ್ಲ" ಎಂದ ಸುಧಾಕರ.

ನೇರವಾಗಿ ಹೇಳುವುದಕ್ಕೆಂದೇ ಮೆಟ್ಟಿಲಿಳಿದೆ. ಆಂಟಿ ಬಾಗಿಲಲ್ಲಿ ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಣ್ಣ ಹಚ್ಚಿ ಬಿಸಿಲಿಗೆ ಇಟ್ಟಿದ್ದರು. ಅದನ್ನು ನೋಡಿದ ಮೇಲೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಆಂಟಿ, ಈ ವರ್ಷ ಯಾರಿಗೂ ರಜೆ ಸಿಗ್ಲಿಲ್ಲ. ಟ್ರಿಪ್ ಕ್ಯಾನ್ಸಲ್ ಆಯ್ತು. ನಾನು ಊರಿಗೆ ಹೋಗಿ ಬರ್ತೀನ್ರೀ."

"ಹೌದಾ?" ಎಂದರು. ಒಂದು ಕ್ಷಣ ಶೂ ನೋಡಿದರು. ಆಮೇಲೆ ಮುಖ ಅರಳಿಸಿ, "ಒಳ್ಳೇದೇ ಆಯ್ತು ಬಿಡು. ನಿಮ್ಮಮ್ಮ ಎಷ್ಟು ದಿನದಿಂದ ಕಾಯ್ತಿದ್ದಾರೋ" ಎಂದರು.

ಹೊರಡುವ ದಿನ ಒಂದು ಸ್ಟೀಲ್ ಡಬ್ಬಿ ತಂದು ಕೊಟ್ಟರು. "ಕೋಡುಬಳೆ. ಅಮ್ಮನಿಗೆ ಕೊಡು, ಬನಶಂಕರಿ ಗಿರಿಜಮ್ಮ ಕೊಟ್ಟಿದ್ದು ಅನ್ನು. ದಾರೀಲಿ ನೀನೇ ಖಾಲಿ ಮಾಡ್ಬೇಡ."

ಆ ಡಬ್ಬಿಯನ್ನು ರೂಮಿನಲ್ಲಿ ಬಿಟ್ಟು ಹೋಗಬಹುದಿತ್ತು. ಅವರು ಮೇಲೆ ಬಂದರೆ ಕಾಣುತ್ತದೆ ಎಂದು ಹೆದರಿ ಚೀಲಕ್ಕೆ ಹಾಕಿಕೊಂಡೆ. ಮೊದಲ ದಿನವೇ ಮರಳಿನ ಮೇಲೆ ಕೂತಾಗ ಯಾರೋ ಚೀಲ ತೆಗೆದರು, ಡಬ್ಬಿ ಸಿಕ್ಕಿತು. "ನಮ್ಮ ಓನರ್ ಆಂಟಿ ಕೊಟ್ಟಿದ್ದು" ಎಂದೆ. ಏಳು ಜನ ಹತ್ತು ನಿಮಿಷದಲ್ಲಿ ಮುಗಿಸಿದೆವು. ನಾನೂ ತಿಂದೆ. ಸುಧಾಕರ ಮಾತ್ರ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ.

ಆ ವರ್ಷ ನಕ್ಷೆಯ ಪ್ರಕಾರವೇ ಎಲ್ಲವೂ ನಡೆಯಿತು. ಎರಡನೆಯ ದಿನ ಹನ್ನೊಂದು ಗಂಟೆಗೆ ಹಿಂದಿನ ವರ್ಷದ ಅದೇ ಕಡವಿಗೆ ಬರಬೇಕು ಎಂದು ಬರೆದಿದ್ದೆ, ಹನ್ನೊಂದಕ್ಕೇ ಬಂದೆವು. ಹೊಳೆ ದಾಟಲು ಅದೊಂದೇ ಜಾಗ. ದೋಣಿ ಕುದ್ರುವನ್ನು ಮುಟ್ಟಿ ನಮ್ಮ ಕಡೆಗೆ ಬರುತ್ತಿತ್ತು. ಅದರಲ್ಲಿ ನಾಲ್ಕೈದು ಜನ ನಿಂತಿದ್ದರು. ಬಿಸಿಲು ನೀರಿನ ಮೇಲೆ ಬಿದ್ದು ಮುಖಗಳು ಕಾಣುತ್ತಿರಲಿಲ್ಲ. ದೋಣಿ ದಡಕ್ಕೆ ತಾಗಿದಾಗ ಮೊದಲು ಕಂಡದ್ದು ಬಿಳಿ ಶೂ.

ಆಂಟಿ ಸೀರೆಯ ನಿರಿಗೆ ಎತ್ತಿ ಹಿಡಿದು ಇಳಿದರು. ತಲೆ ಎತ್ತಿದರು. ನನ್ನನ್ನು ನೋಡಿದರು, ಸುಧಾಕರನನ್ನು ನೋಡಿದರು, ನಮ್ಮ ಚೀಲಗಳನ್ನು ನೋಡಿದರು. ಸುಧಾಕರ ತಲೆ ತಗ್ಗಿಸಿದ. ನಾನು, "ಆಂಟಿ... ನೀವು ಇಲ್ಲಿ..." ಎಂದೆ.

"ನೀವ್ಯಾರೂ ಹೋಗ್ತಿಲ್ಲ ಅಂದ್ಯಲ್ಲಪ್ಪ. ನಾಗವೇಣಿ ಕಾಗದ ಬರೆದಿದ್ಲು. ಒಬ್ಬಳೇ ಬಸ್ ಹತ್ತಿ ಬಂದೆ. ನಾಳೆ ಹೊಸ್ತು, ಬೆಲ್ಲ ಸಾಲ್ದು ಅಂತ ಅಂಗಡಿಗೆ ಹೊರಟೆ" ಎಂದರು. ಕೋಪದ ದನಿಯಲ್ಲ. ವಿಷಯ ಹೇಳುವ ದನಿ.

ಆಗ ಪ್ರಕಾಶ, ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ, ಮುಂದೆ ಬಂದು ಹೇಳಿದ: "ಓ, ಓನರ್ ಆಂಟಿ ನೀವೇನಾ? ಕೋಡುಬಳೆ ಸಖತ್ತಾಗಿತ್ತು ಆಂಟಿ!"

ಆಂಟಿಯ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಅದನ್ನು ನಾನು ನೋಡಿದೆ, ಇನ್ಯಾರೂ ನೋಡಲಿಲ್ಲ. ಅವರು ಪ್ರಕಾಶನ ಕಡೆ ತಿರುಗಿ ನಕ್ಕರು.

"ಎಲ್ಲರಿಗೂ ಸಿಕ್ತೇನಪ್ಪ?" ಎಂದು ಕೇಳಿದರು.

"ಸಿಕ್ತು ಆಂಟಿ."

"ಒಳ್ಳೇದಾಯ್ತು."

ಆ ಕ್ಷಣ ಅವರ ಕಾಲು ಹಿಡಿದುಬಿಡಬೇಕಿತ್ತು. ಅಥವಾ ಬರಿ ‘ತಪ್ಪಾಯ್ತು’ ಎನ್ನಬೇಕಿತ್ತು. ಒಂದೇ ಪದ. ದೋಣಿಯವನು, "ಬೇಗ ಹತ್ತಿ" ಎಂದು ಅವಸರ ಮಾಡಿದ. ಅವನ ಅವಸರ ನನಗೆ ದೇವರು ಕೊಟ್ಟ ವರದಂತೆ ಕಂಡಿತು. ನಾವು ಹತ್ತುತ್ತಿದ್ದಾಗ ಆಂಟಿ ದಡದಿಂದಲೇ ಹೇಳಿದರು:

"ನಾಳೆ ಊಟಕ್ಕೆ ಬನ್ರೋ. ಇಷ್ಟು ಹತ್ರ ಇದ್ದೀರಲ್ಲ."

"ನೋಡ್ತೀವ್ರೀ ಆಂಟಿ" ಎಂದೆ.

ಮರುದಿನ ಹುಡುಗರು ಹೋಗೋಣ ಎಂದರು. ಪ್ರಕಾಶನೂ ಹೋಗೋಣ ಎಂದ. ನಾನೇ ನಕ್ಷೆ ತೆಗೆದು, ಸಮಯವಿಲ್ಲ, ಇವತ್ತು ಆ ತುದಿಯ ಬಂಡೆ ತನಕ ಹೋಗದಿದ್ದರೆ ಬಸ್ ತಪ್ಪುತ್ತದೆ ಎಂದು ಎಲ್ಲರನ್ನೂ ಬೇರೆ ದಿಕ್ಕಿಗೆ ನಡೆಸಿದೆ. ಅಂದು ನಾವು ಇಪ್ಪತ್ತೆರಡು ಕಿಲೋಮೀಟರ್ ನಡೆದೆವು. ಅಷ್ಟು ದೂರವೂ ಸುಧಾಕರ ಎಲ್ಲರಿಗಿಂತ ಹಿಂದೆ ಒಬ್ಬನೇ ನಡೆದ.

ಬೆಂಗಳೂರಿಗೆ ಬಂದ ಮೇಲೆ ಆಂಟಿ ಏನೂ ಕೇಳಲಿಲ್ಲ. ಎಂದಿನಂತೆ ಮೋಟಾರ್ ಹಾಕಿದರು, ಎಂದಿನಂತೆ "ರಾತ್ರಿ ಗೇಟ್ ಹಾಕ್ಕೊಳ್ರಪ್ಪ" ಎಂದರು. ಆದರೆ ನನ್ನ ಕಣ್ಣಿನ ಕೆಳರೆಪ್ಪೆ ನೋಡುವುದನ್ನು ಬಿಟ್ಟರು. ಖಾಲಿ ಡಬ್ಬಿಯನ್ನು ತೊಳೆದು, ಅವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಬಾಗಿಲ ಮುಂದೆ ಇಟ್ಟು ಬಂದೆ. ಮೂರು ತಿಂಗಳಲ್ಲಿ ಜೆ.ಪಿ. ನಗರದಲ್ಲಿ ಬೇರೆ ರೂಮು ಹುಡುಕಿ, ಆಫೀಸಿಗೆ ಹತ್ತಿರ ಎಂದು ಹೇಳಿ ಹೊರಟೆ. ಅದೂ ಸುಳ್ಳೇ, ಜಯನಗರಕ್ಕೆ ಎರಡೂ ಕಡೆಯಿಂದ ಹೆಚ್ಚುಕಡಿಮೆ ಅಷ್ಟೇ ದೂರ. ಆಂಟಿ ಗೇಟಿನ ತನಕ ಬಂದರು. "ಹೊಸ ರೂಮಲ್ಲಿ ನೀರು ಸರಿಯಾಗಿ ಬರುತ್ತಾ ನೋಡ್ಕೊಂಡ್ಯಾ?" ಎಂದು ಕೇಳಿದರು. ತಲೆಯಾಡಿಸಿದೆ.

ಜೆ.ಪಿ. ನಗರದಿಂದ ಬನಶಂಕರಿಗೆ ಒಂದು ಬಸ್ಸಿನ ದೂರ. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ನಗರದಲ್ಲಿ ಮೇಲ್ಸೇತುವೆಗಳು ಎದ್ದವು. ಆ ಬೀದಿಗೆ ಮಾತ್ರ ನಾನು ಹೋಗಲಿಲ್ಲ. ಒಮ್ಮೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಅವರು ನಿಂತಿದ್ದರು. ಬಹಳ ತೆಳ್ಳಗಾಗಿದ್ದರು. ನಾನು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ಏನು ಮಾಡಿದೆ ಗೊತ್ತೇ? ಕೈಯಲ್ಲಿದ್ದ ಪತ್ರಿಕೆಯನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಬಸ್ಸು ಹೊರಡುವ ತನಕ ಒಂದೇ ಸಾಲನ್ನು ಓದುತ್ತಿದ್ದೆ.

ಎರಡು ಸಾವಿರದ ದಶಕದ ಕೊನೆಯ ಒಂದು ವರ್ಷ ಸುಧಾಕರ ಫೋನ್ ಮಾಡಿದ. ಗಿರಿಜಾ ಆಂಟಿ ಮನೆ ಮಾರಿ ಕುದ್ರುವಿಗೇ ಹೋಗಿಬಿಟ್ಟರಂತೆ, ಹೋಗಿ ಕೆಲವು ವರ್ಷಗಳೇ ಆದವಂತೆ. "ಹೋಗಿ ಒಂದ್ಸಲ ಮಾತಾಡ್ಸ್ಕೊಂಡು ಬಾ ಮಗಾ" ಎಂದ. ಹಿಂದಿನದನ್ನು ಎತ್ತಲಿಲ್ಲ. ಆ ದಸರಾದಲ್ಲಿ ನಾನು ಒಬ್ಬನೇ ಹೋದೆ. ನಕ್ಷೆ ಬಿಡಿಸಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ.

ನಾಗವೇಣಿಯವರ ಕೂದಲು ನರೆತಿತ್ತು. "ಮ್ಯಾಪಿನ ಮಾಣಿ ಅಲ್ದಾ ನೀವ್? ಬನ್ನಿ, ಕೂಕಣಿ" ಎಂದು ಜಗಲಿಯಲ್ಲಿ ಚಾಪೆ ಹಾಕಿದರು. ನಾನು ಒಳಗೆ ಇಣುಕಿದೆ.

"ಗಿರಿಜಕ್ಕ ತೀರ್ಹೋಯಿ ಎರಡ್ ವರ್ಷ ಆಯ್ತ್" ಎಂದರು.

ಬಾಯಿಪಾಠ ಮಾಡಿದ ಮಾತನ್ನು ಏನು ಮಾಡುವುದು? ನಾಗವೇಣಿಯವರಿಗೇ ಹೇಳಿದೆ. ಟ್ರಿಪ್ ಕ್ಯಾನ್ಸಲ್ ಎಂದದ್ದು, ಊರಿಗೆ ಹೋಗುತ್ತೇನೆ ಎಂದದ್ದು, ಡಬ್ಬಿ, ದೋಣಿ, ಎಲ್ಲ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಸುಳ್ಳ್ ಹೇಳಿದ್ದ್ ನಂಗ್ ಗೊತ್ತಿಲ್ಲೆ" ಎಂದರು ಕೊನೆಗೆ. "ಅಕ್ಕ ಒಂದಿನವೂ ಹೇಳ್ಲಿಲ್ಲ. ಆವತ್ತ್ ಅಂಗಡಿಯಿಂದ ಡಬಲ್ ಬೆಲ್ಲ ತಕಂಡ್ ಬಂದ್ರ್. ‘ಹುಡುಗರು ಬಂದಿದ್ದಾರೆ, ನಾಳೆ ಊಟಕ್ಕೆ ಬರ್ತಾರೆ’ ಅಂದ್ರ್. ಏಳ್ ಎಲಿ ಹೆಚ್ಚಿಗೆ ಹಾಕ್ಸಿದ್ರ್. ಮೂರ್ ಗಂಟಿ ತನ್ಕ ಮಕ್ಕಳಿಗೂ ಉಂಬುಕ್ ಬಿಡ್ಲಿಲ್ಲ. ಮೂರ್ ಸಲ ಕಡವಿನ್ ತನ್ಕ ಹೋಯಿ ನೋಡ್ಕಂಡ್ ಬಂದ್ರ್."

ನಾನು ನೆಲ ನೋಡುತ್ತಾ ಕೂತಿದ್ದೆ.

"ಆಮೇಲ್ ಅವ್ರೇ ಒಂದೊಂದೇ ಎಲಿ ಎತ್ತಿದ್ರ್. ‘ಪಾಪ, ದಾರಿ ತಪ್ಪಿರ್ಬೇಕು’ ಅಂದ್ರ್. ಮ್ಯಾಪ್ ಇದ್ದವ್ರ್ ಎಂತಕ್ಕೆ ದಾರಿ ತಪ್ತ್ರ್ ಅಂತ ನಾನ್ ನೆಗಾಡ್ದೆ. ಅವ್ರ್ ನೆಗಾಡ್ಲಿಲ್ಲ."

ಇಷ್ಟು ವರ್ಷ ನಾನು ನನ್ನ ತಪ್ಪು ಒಂದು ಸುಳ್ಳು ಎಂದುಕೊಂಡಿದ್ದೆ. ಅದನ್ನು ಅವರು ದೋಣಿ ಇಳಿದ ಜಾಗದಲ್ಲೇ ಬಿಟ್ಟಿದ್ದರು. ಬೆಲ್ಲ ಕೊಳ್ಳಲು ಹೋದವರು ನಮಗೂ ಸೇರಿಸಿ ಕೊಂಡಿದ್ದರು. ನಾನು ತಪ್ಪಿಸಿಕೊಳ್ಳಲು ಆಡಿದ ‘ನೋಡ್ತೀವಿ’ ಎಂಬ ಮಾತನ್ನು ಅವರು ಬರುತ್ತೇವೆ ಎಂದೇ ಕೇಳಿಸಿಕೊಂಡಿದ್ದರು. ಏಳು ಜನರನ್ನು ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದವನು ನಾನು.

ಇದೆಲ್ಲ ಹಳೆಯ ಮಾತು. ಆದರೆ ಕುದ್ರುವಿಗೆ ನಾನೂರು ಕಿಲೋಮೀಟರ್ ಹೋಗಿ ಬಂದವನು, ಬನಶಂಕರಿಯ ಆ ಬೀದಿಗೆ ಆಮೇಲೂ ಹೋಗಿರಲಿಲ್ಲ. ಸಾರಕ್ಕಿಯಿಂದ ಬರಿಗೈಯಲ್ಲಿ ಬಂದ ಮರುದಿನ ಬೆಳಿಗ್ಗೆ, ಮನೆಯಲ್ಲಿ ಯಾರಿಗೂ ಹೇಳದೆ ಆಟೋ ಹತ್ತಿದೆ. ಅಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ. ನಾನು ಎದುರಿನ ಫುಟ್‌ಪಾತಿನಲ್ಲಿ ಬಹಳ ಹೊತ್ತು ನಿಂತದ್ದು ಕಂಡು ನೀಲಿ ಅಂಗಿಯ ಸೆಕ್ಯೂರಿಟಿಯವನು ರಸ್ತೆ ದಾಟಿ ಬಂದ. ನನ್ನಷ್ಟೇ ವಯಸ್ಸು.

"ಯಾರ್ ಬೇಕಾಗಿತ್ರಿ ಸರ?"

ನನ್ನ ಊರಿನ ಕಡೆಯ ಮಾತು. ‘ಯಾರೂ ಇಲ್ಲ, ಸುಮ್ನೆ’ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇಲ್ಲೆ ಗಿರಿಜಮ್ಮ ಅಂತ ಒಬ್ರು ಇದ್ರು. ಅವ್ರಿಗೆ ನಾ ಒಂದು ಸುಳ್ಳ ಹೇಳಿದ್ದೆ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಯಾವಾಗ್ರಿ?"

"ಭಾಳ ವರ್ಷ ಆತು."

"ಈಗ ಅವ್ರ್ ಎಲ್ಲ್ಯದಾರ್ರಿ?"

"ಇಲ್ಲ."

ಅವನು ಗೇಟಿನೊಳಗಿನಿಂದ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಎಳೆದು, ಟವೆಲಿನಿಂದ ಒರೆಸಿದ. "ಕುಂದರ್ರಿ ಸರ. ಚಾ ತರಸ್ತೀನಿ, ಕುಡದ್ ಹೋಗೀರಂತ."

ಹತ್ತೂವರೆಗೆ ನಾನು ಬೇರೆಲ್ಲೋ ಇರಬೇಕಿತ್ತು. ಕೂತೆ.